ಸತ್ಯಾಂಶ: ಬಾಲಕೃಷ್ಣ ಅವರ ದನಿ ಬೇರೆಯವರದಲ್ಲ

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಹಾಸ್ಯನಟ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಹಾಗಾಗಿ ಅವರ ಮಾತೆಲ್ಲ ಬೇರೆಯವರದೇ.'

ಮೊದಲರ್ಧದಲ್ಲಿ ಹುರುಳಿದೆ, ಅವರಿಗೆ ಶ್ರವಣದೋಷ ಇತ್ತು. ಎರಡನೆಯದು ಸುಳ್ಳು. ತೆರೆಯ ಮೇಲಿನ ಆ ದನಿ ಅವರದೇ.

ಎದುರಿನವರ ತುಟಿಚಲನೆ ನೋಡಿ ತಮ್ಮ ಸರದಿ ಹಿಡಿಯುತ್ತಿದ್ದರು. ಇದು ಸುಲಭವಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಕ, ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ತುಟಿಯಲ್ಲಿ ಕಾಣುವುದೇ ಇಲ್ಲ. 'ಪಾಲು', 'ಬಾಲು' ಬೇರೆ ಮಾಡಲು ಸಂದರ್ಭ ಗೊತ್ತಿರಬೇಕು, ಎದುರಿನವರ ಮಾತೂ ಬಾಯಿಪಾಠವಾಗಿರಬೇಕು. ಎದುರಿನವರು ಮುಖ ತಿರುಗಿಸಿದರೆ ಸುಳಿವು ತಪ್ಪಿತು. ಜೋರು ಮಳೆಯಲ್ಲಿ, ತಗಡಿನ ಮಾಡಿನ ಸದ್ದಿಗೆ ಟಿ.ವಿ. ಕೇಳಿಸದಾಗ ತುಟಿ ನೋಡಿಯೇ ಮಾತು ಹಿಡಿಯಲು ನೋಡಿ, ಕಷ್ಟ ಅರ್ಥವಾಗುತ್ತದೆ.

'ಬಂಗಾರದ ಮನುಷ್ಯ' (1972) ಚಿತ್ರದಲ್ಲಿ ಬಾಲಕೃಷ್ಣ ಮಾಡಿದ ರಾಚೂಟಪ್ಪನ ಪಾತ್ರವನ್ನು ಗಮನಿಸಿ. ಆ ಎಳೆದು ಬಿಡುವ ದನಿಯೇ ಬೇರೆ ಚಿತ್ರಗಳಲ್ಲೂ ಇದೆ. ದಶಕಗಳ ಕಾಲ, ನೂರಾರು ಚಿತ್ರಗಳಿಗೆ ಬೇರೆ ಯಾರೋ ಒಬ್ಬರೇ ಗುಟ್ಟಾಗಿ ದನಿ ಕೊಟ್ಟರೆಂದು ನಂಬುವುದು ಕಷ್ಟ.

1960ರ 'ರಣಧೀರ ಕಂಠೀರವ' ನಿರ್ಮಿಸಿದ ಕಲಾವಿದರ ಬಳಗದಲ್ಲಿ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜತೆ ಬಾಲಕೃಷ್ಣ ಅವರೂ ಇದ್ದರು. ಬೆಂಗಳೂರಿನ ಅಭಿಮಾನ್ ಸ್ಟುಡಿಯೊ ಕಟ್ಟಿದ್ದೂ ಇವರೇ. 1995ರಲ್ಲಿ ತೀರಿಕೊಂಡರು. ಆ ಸಂದೇಶ ನಿಮಗೆ ಬಂದರೆ ಕಳಿಸಿದವರಿಗೆ ಇಷ್ಟನ್ನು ತಿಳಿಸಿ.