ಈ ವಯಸ್ಸಿಗೇ ಶುಗರ್ ಬಂತೇ?

ನಿನ್ನೆ ದಾವಣಗೆರೆಯಿಂದ ಬೆಂಗಳೂರಿಗೆ ಬರುವಾಗ, ಹಿರಿಯೂರು ದಾಟಿ ಸ್ವಲ್ಪ ಹೊತ್ತಾಗಿತ್ತು. ಹಿಂದಿನ ಸೀಟಿನಿಂದ ಒಬ್ಬ ಹುಡುಗ ಎದ್ದು ಹೋಗಿ ಕಂಡಕ್ಟರ್ ಕಿವಿಯಲ್ಲಿ ಏನೋ ಹೇಳಿದ. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಅವನು ಪಿಸುಗುಟ್ಟಿದ್ದನ್ನು ಕಂಡಕ್ಟರ್ ಇಡೀ ಬಸ್ಸಿಗೆ ಕೇಳಿಸಿದರು: "ಈಗ ತಾನೇ ಹಿರಿಯೂರಿನಲ್ಲಿ ಇಳಿದಿದ್ದೆಯಲ್ಲಪ್ಪಾ, ಮತ್ತೆ ಒಂದಕ್ಕೆ ಹೋಗಬೇಕೇ? ಶಿರಾ ಬರಲಿ." ಮುಂದೆ ಕುಳಿತಿದ್ದ ಹಿರಿಯರೊಬ್ಬರು ತಿರುಗಿ, "ಏನಪ್ಪಾ, ಈ ವಯಸ್ಸಿಗೇ ಶುಗರ್ ಬಂತೇ?" ಎಂದರು. ನಾಲ್ಕು ಜನ ನಕ್ಕರು. ಹುಡುಗ ಬಾಗಿಲ ಬಳಿಯ ಕಂಬಿ ಹಿಡಿದು, ಕಾಲಿಗೆ ಕಾಲು ಹೆಣೆದು ನಿಂತ. ಆ ನಿಲುವು ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಬಾಯಿ ನಿಮಗೆ ಗೊತ್ತಲ್ಲ. ಎದ್ದು ಜಗಳವಾಡಿದೆ, ಬಸ್ ನಿಂತಿತು. ಆದರೆ ಸಿಟ್ಟು ಇನ್ನೂ ಇಳಿದಿಲ್ಲ.

ನನಗೂ ಪದೇ ಪದೇ ಒಂದಕ್ಕೆ ಹೋಗಬೇಕು, ಇಪ್ಪತ್ತನಾಲ್ಕನೇ ವಯಸ್ಸಿನಿಂದ ಎಲ್ಲರ ಬಾಯಲ್ಲೂ ಈ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ಶುಗರ್ ಬಂತೇ? ಇಲ್ಲ ಸ್ವಾಮಿ, ಬಂದಿಲ್ಲ. ಮೊದಲು ಅದನ್ನೇ ನೋಡಬೇಕು ಎಂಬುದು ಸರಿ, ನೋಡಿಸಿದ್ದೂ ಆಯಿತು. ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ, ಮೂತ್ರದ ಕಲ್ಚರ್, ಹೊಟ್ಟೆಯ ಸ್ಕ್ಯಾನಿಂಗ್, ಎಲ್ಲವೂ ನಾರ್ಮಲ್. ಕಲ್ಲಿಲ್ಲ, ಸೋಂಕಿಲ್ಲ. ವರದಿ ನೋಡಿದ ಮೊದಲ ವೈದ್ಯರು ಫೈಲನ್ನು ನನ್ನ ಕಡೆ ತಳ್ಳಿ, "ನಿಮಗೆ ಏನೂ ಇಲ್ಲಮ್ಮ, ಟೆನ್ಷನ್ ಅಷ್ಟೇ" ಎಂದರು. ಏನೂ ಇಲ್ಲದವಳು ರಾತ್ರಿ ಮೂರು ಗಂಟೆಗೆ ಪಿಜಿಯ ಕತ್ತಲ ಕಾರಿಡಾರಿನಲ್ಲಿ ಏಕೆ ತಡಕಾಡುತ್ತಿರುತ್ತಾಳೆ ಎಂದು ಕೇಳುವಷ್ಟು ಧೈರ್ಯ ಆಗ ನನಗಿರಲಿಲ್ಲ.

ಅಮ್ಮನ ಪ್ರಕಾರ ಎಲ್ಲಕ್ಕೂ ಉಷ್ಣವೇ ಕಾರಣ. ಬಾರ್ಲಿ ನೀರು, ಎಳನೀರು, ಮಜ್ಜಿಗೆ. ಮೂತ್ರ ಹೆಚ್ಚಾಗಿದೆ ಎಂದು ಅಳುತ್ತಿರುವವಳಿಗೆ ಇನ್ನೂ ಒಂದು ತಂಬಿಗೆ ಕುಡಿಸುವ ಚಿಕಿತ್ಸೆ! ಎಳ್ಳು ಬೆಲ್ಲದ ಉಂಡೆಯನ್ನು ಮಾತ್ರ ನಾನು ಸಂತೋಷದಿಂದ ತಿಂದೆ. ಗುಣವೇನೂ ಕಾಣಲಿಲ್ಲ, ಉಂಡೆ ಚೆನ್ನಾಗಿತ್ತು.

ಕೊನೆಗೆ ಸಿಕ್ಕ ಯುರಾಲಜಿಸ್ಟ್ ಮಾತ್ರೆ ಬರೆಯುವ ಮೊದಲು ಒಂದು ಕೆಲಸ ಕೊಟ್ಟರು. ಏನು ಕುಡಿದೆ, ಎಷ್ಟು ಹೊತ್ತಿಗೆ ಹೋದೆ, ಎಷ್ಟು ಹೋಯಿತು, ಎಲ್ಲವನ್ನೂ ಅಳೆದು ಬರೆದುಕೊಂಡು ಬಾ ಎಂದರು. ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಮಗ್ಗೊಂದನ್ನು ತಂದು ಪಿಜಿಯ ಬಚ್ಚಲಿನ ಬಕೆಟ್ ಹಿಂದೆ ಅಡಗಿಸಿಟ್ಟೆ. ನನ್ನ ರೂಮಿನವಳು ಅದರಲ್ಲೇ ತಲೆಗೆ ನೀರು ಹುಯ್ದುಕೊಂಡ ದಿನದ ಕತೆ ಇನ್ನೊಮ್ಮೆ ಹೇಳುತ್ತೇನೆ, ಅವಳೂ ನನ್ನ ಸ್ನೇಹಿತರ ಪಟ್ಟಿಯಲ್ಲಿದ್ದಾಳೆ. ಆ ಮಗ್ಗು ಹೇಳಿದ್ದು ಇಷ್ಟು: ಕೆಲವೊಮ್ಮೆ ತೊಂಬತ್ತು, ಕೆಲವೊಮ್ಮೆ ನೂರಿಪ್ಪತ್ತು ಮಿಲಿಲೀಟರ್. ವಯಸ್ಕರ ಮೂತ್ರಕೋಶಕ್ಕೆ ಸಾಮಾನ್ಯವಾಗಿ ಮುನ್ನೂರರಿಂದ ಐನೂರರವರೆಗೆ ಹಿಡಿಯುವ ತಾಕತ್ತಿದೆ. ದಿನದ ಮೊತ್ತವೇ ಮೂರು ಲೀಟರ್ ದಾಟಿದ್ದರೆ ಹುಡುಕಬೇಕಾದ ಕಾಯಿಲೆಗಳು ಬೇರೆ. ನನ್ನದು ದಾಟುತ್ತಿರಲಿಲ್ಲ. ಮೂತ್ರಕೋಶದ ಸ್ನಾಯು ಅರ್ಧ ತುಂಬುವ ಮೊದಲೇ ಹಿಂಡಿಕೊಂಡು, ಈಗಲೇ, ಈ ಕ್ಷಣವೇ ಎಂದು ಅವಸರ ಮಾಡುತ್ತಿತ್ತು. ಇದಕ್ಕೆ ಓವರ್ ಆಕ್ಟಿವ್ ಬ್ಲಾಡರ್ ಎನ್ನುತ್ತಾರಂತೆ. ಏಕೆ ಹೀಗಾಗುತ್ತದೆ ಎಂದರೆ, ಬಹಳ ಜನರಲ್ಲಿ ಕಾರಣವೇ ಸಿಗುವುದಿಲ್ಲ ಎಂದರು ಡಾಕ್ಟರು. ನಾನು ಅಲ್ಲೇ ಅತ್ತುಬಿಟ್ಟೆ, ಸಮಾಧಾನದಿಂದ.

ಕಾಫಿ ಕಡಿಮೆ ಮಾಡಿದೆ. ಫಿಲ್ಟರ್ ಕಾಫಿ ಬಿಟ್ಟ ದುಃಖದ ಬಗ್ಗೆ ನಾನು ಬರೆದದ್ದನ್ನೆಲ್ಲ ನೀವು ಓದಿ ನಕ್ಕಿದ್ದೀರಿ. ಅದರ ಹಿಂದಿನ ಕಾರಣ ಇದು, ಈಗ ಗೊತ್ತಾಯಿತೇ? ಅವಸರ ಬಂದಾಗ ಓಡದೆ ಕುಳಿತು, ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು, ಮೊದಲು ಐದು ನಿಮಿಷ, ಆಮೇಲೆ ಹತ್ತು ನಿಮಿಷ ತಡೆಯುವ ಅಭ್ಯಾಸ ಮಾಡಿದೆ. "ಇರಲಿ, ಹೊರಡುವ ಮುಂಚೆ ಒಂದು ಸಲ ಹೋಗಿ ಬರೋಣ" ಎನ್ನುವ ಚಾಳಿ ಬಿಡುವುದೇ ಎಲ್ಲಕ್ಕಿಂತ ಕಷ್ಟ. ಜತೆಗೆ ಮಾತ್ರೆ. ಈಗ ಎಷ್ಟೋ ವಾಸಿ, ಪೂರ್ತಿ ಅಲ್ಲ.

ಇನ್ನೊಂದು ವಿಷಯ. ನನ್ನ ಮೊದಲ ಕೆಲಸವನ್ನು ಸಂಬಳ ಸಾಲದೆಂದು ಬಿಟ್ಟೆ ಎಂದು ನಿಮ್ಮೆಲ್ಲರಿಗೂ ಹೇಳಿದ್ದೆ. ಸುಳ್ಳು. ಅಲ್ಲಿ ಕುರ್ಚಿಯಿಂದ ಎದ್ದರೆ ಕಂಪ್ಯೂಟರಿನಲ್ಲಿ ಲೆಕ್ಕ ಬೀಳುತ್ತಿತ್ತು. ಟೀಮ್ ಲೀಡರ್ ಒಮ್ಮೆ ಎಲ್ಲರ ಮುಂದೆ ನನ್ನ ನಿಮಿಷಗಳನ್ನು ಓದಿ ಹೇಳಿದರು. ಮಾರನೆಯ ದಿನದಿಂದ ನೀರು ಕುಡಿಯುವುದನ್ನೇ ಬಿಟ್ಟೆ, ತಿಂಗಳೊಳಗೆ ನಿಜವಾದ ಉರಿಮೂತ್ರ ಬಂತು, ಕೆಲಸ ಬಿಟ್ಟೆ.

ಕಂಡಕ್ಟರಿಗೂ ಟೈಮಿಂಗ್ ಇರುತ್ತದೆ, ಒಬ್ಬೊಬ್ಬರಿಗೂ ನಿಲ್ಲಿಸುತ್ತಾ ಹೋದರೆ ಬಸ್ ಊರು ತಲುಪುವುದು ಯಾವಾಗ ಎನ್ನುತ್ತೀರಿ. ಒಪ್ಪಿದೆ. ಅದೇ ಬಸ್ ತನಗೆ ಬೇಕಾದ ಹೋಟೆಲಿನ ಮುಂದೆ ಅರ್ಧ ಗಂಟೆ ನಿಲ್ಲುತ್ತದೆ, ಅದಕ್ಕೆ ಯಾರದೂ ತಕರಾರಿಲ್ಲ. ಹುಡುಗನಿಗೆ ಬೇಕಿದ್ದದ್ದು ಎರಡು ನಿಮಿಷ. ಇನ್ನು, ಎಲ್ಲವೂ ಮನಸ್ಸಿನದು ಎನ್ನುವವರು. ಗಾಬರಿಯಾದರೆ ಹೆಚ್ಚಾಗುತ್ತದೆ, ನಿಜ. ಹಾಗಾದರೆ ಗಾಬರಿಪಡಿಸುವುದನ್ನು ಮೊದಲು ನಿಲ್ಲಿಸಿ. ಮನಸ್ಸಿನದೇ ಆದರೂ ಒದ್ದೆಯಾಗುವುದು ಬಟ್ಟೆಯೇ ತಾನೆ?

2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ನ್ಯಾಯಾಲಯಗಳ ಆವರಣದಲ್ಲೂ ಶೌಚಾಲಯ ಇರಬೇಕೆಂದು ಆದೇಶಿಸಿತು, ಸಂವಿಧಾನದ 21ನೇ ವಿಧಿಯನ್ನು ನೆನಪಿಸಿತು. ಘನತೆಯಿಂದ ಬದುಕುವ ಹಕ್ಕಿನಲ್ಲಿ ಇದೂ ಸೇರಿದೆ ಎಂದಿತು. ಹಿರಿಯೂರು–ಶಿರಾ ನಡುವಿನ ಹೆದ್ದಾರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಹರಿಹರದ ಸೋದರತ್ತೆ ಈಗಾಗಲೇ ಫೋನ್ ಮಾಡಿ ಎಚ್ಚರಿಸಿದ್ದಾರೆ: "ಭಾನುವಾರ ಗಂಡಿನ ಕಡೆಯವರು ಬಂದಾಗ ಎದ್ದು ಎದ್ದು ಒಳಗೆ ಹೋಗಬೇಡ, ಏನಂದುಕೊಳ್ಳುತ್ತಾರೋ." ಅತ್ತೆ, ನೀವು ಇದನ್ನು ಓದುತ್ತೀರಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬೇಕಾದರೆ ಅವರಿಗೂ ಕಳಿಸಿಕೊಡಿ, ಕೇಸರಿಬಾತ್ ಮಾಡುವ ಮೊದಲೇ ಕಳಿಸಿದರೆ ತುಪ್ಪವಾದರೂ ಉಳಿಯುತ್ತದೆ.