ಕ್ಷಿಪಣಿ ಬಿದ್ರೆ ಬರುತ್ತೆ, ನೀರು ಜಿನುಗಿದ್ರೆ ಬರಲ್ಲ

ನಮ್ಮ ಹಾಲ್ ಗೋಡೆಯ ಪೇಂಟು ಹಪ್ಪಳದ ಥರ ಉಬ್ಬಿ ನಿಂತಿದೆ. ಗೋಡೆನೂ ಆರಿಲ್ಲ, ನನ್ನ ಸಿಟ್ಟೂ ಆರಿಲ್ಲ. ಚಿತ್ರದುರ್ಗಕ್ಕೆ ಮಳೆ ಬರೋದೇ ಅಪರೂಪ ಕಣ್ರೀ, ಬಂದಿದ್ದು ಸೀದಾ ನಮ್ಮ ಹಾಲ್‌ಗೇ ಬರ್ಬೇಕಾ?

ಪರ್ವಾಗಿಲ್ಲ, ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಭಾರತ್ ಗೃಹ ರಕ್ಷಾ, 2021ರ ಏಪ್ರಿಲ್‌ನಲ್ಲಿ ಎಲ್ಲಾ ಕಂಪನಿಯವ್ರೂ ಕೊಡ್ಲೇಬೇಕು ಅಂತ ಬಂದ ಒಂದೇ ನಮೂನೆ ಮನೆ ವಿಮೆ ಪಾಲಿಸಿ. ಮಾಡಿಸಿದ ಹುಡುಗನ ಬಾಯಲ್ಲಿ ಒಂದೇ ಮಾತು, "ಎಲ್ಲಾ ಬರುತ್ತೆ ಅಣ್ಣಾ". ಬೆಂಕಿ? ಬರುತ್ತೆ ಅಣ್ಣಾ. ಸಿಡಿಲು, ಭೂಕಂಪ? ಬರುತ್ತೆ ಅಣ್ಣಾ. ಮನೆ ಸಾಮಾನು? ಲಿಸ್ಟ್ ಕೊಡೋದೂ ಬೇಡ, ಬಿಲ್ಡಿಂಗಿನ ವಿಮೆ ಮೊತ್ತದ 20 ಪರ್ಸೆಂಟ್, ಹೆಚ್ಚಂದ್ರೆ 10 ಲಕ್ಷ, ತಾನೇ ಬರುತ್ತೆ ಅಣ್ಣಾ. ಕಳ್ಳತನ? ಅದೂ ಬರುತ್ತಂತೆ, ಆದ್ರೆ ಮೊದ್ಲು ಬೆಂಕಿನೋ ಪ್ರವಾಹನೋ ಆಗಿರ್ಬೇಕು, ಆಮೇಲೆ 7 ದಿನದೊಳಗೆ ಕಳ್ಳ ಬರ್ಬೇಕು, ಅಂದ್ರೆ ಕಳ್ಳನಿಗೂ ಪಾಲಿಸಿ ಓದೋಕೆ ಬರ್ಬೇಕು.

ಕ್ಲೇಮ್ ಹಾಕಿದ್ಮೇಲೆ ಸರ್ವೇಯರ್ ಬಂದ್ರು. ಪೆನ್ನಿನ ಹಿಂಬದಿಯಿಂದ ಗೋಡೆ ಟಕ್ ಟಕ್ ಅಂತ ಕುಟ್ಟಿದ್ರು, ಕಿವಿ ಇಟ್ಟು ಕೇಳಿದ್ರು, ಮತ್ತೆ ಕುಟ್ಟಿದ್ರು. "ನೀರು ಹಠಾತ್ತಾಗಿ ಬಂತೋ, ನಿಧಾನಕ್ಕೆ ಬಂತೋ?"

ಅಮ್ಮ ಅಂದ್ಲು, "ಅದು ಬರೋದನ್ನ ಯಾರು ಕಾಯ್ಕೊಂಡು ಕೂತಿದ್ರಪ್ಪಾ?"

ಟೀ ಕುಡಿದ್ರು, ಮಂಡಕ್ಕಿ ತಿಂದ್ರು, ಕೈ ಒರೆಸ್ಕೊಂಡು ಇನ್ನೊಂದು ಕಡೆ ಕುಟ್ಟಿ ಮತ್ತೆ ಅದೇ, ಹಠಾತ್ತಾಗೋ ನಿಧಾನಕ್ಕೋ. ಟ್ಯಾಂಕ್ ಒಡೆದು ಇಲ್ಲಾ ತುಂಬಿ ಹರಿದು, ಪೈಪ್ ಸಿಡಿದು ಹಾಳಾಗಿದ್ರೆ ದುಡ್ಡಂತೆ, ಸುಮ್ನೆ ಜಿನುಗಿದ್ರೆ ಇಲ್ಲವಂತೆ, ಯಾಕಂದ್ರೆ ಪಾಲಿಸಿಲಿರೋ ಅಪಾಯಗಳ ಪಟ್ಟಿಲಿ ಜಿನುಗೋದು ಇಲ್ಲ. ಅಮ್ಮ ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಹಂಗಾರೆ ಮ್ಯಾಲಿನ ಟ್ಯಾಂಕ್ ಒಡೆದುಬಿಡ್ಲೇನು?" ಅಂದ್ಲು, ಖರೇನೇ ಕೇಳಿದ್ಲು, ತಮಾಷೆಗಲ್ಲ. ಆ ಮನುಷ್ಯ ಕುಟ್ಟೋದು ನಿಲ್ಲಿಸಿ, "ಬೇಕಂತ ಒಡೆದ್ರೆ ಬರಲ್ಲ ಅಮ್ಮಾ" ಅಂತ ಅಷ್ಟೇ ಸೀರಿಯಸ್ಸಾಗಿ ಹೇಳಿದ್ರು.

ಅವ್ರು ಹೋದ್ಮೇಲೆ ಕೂತು ಆ ಪಟ್ಟಿ ಓದಿದೆ. ಅದ್ರಲ್ಲಿ ಕ್ಷಿಪಣಿ ಪರೀಕ್ಷೆಯಿಂದ ಆಗೋ ಹಾನಿ ಇದೆ ರೀ! ಬೇರೆ ಊರವ್ರು ನಗ್ಬಹುದು, ನಮಗೆ ನಗು ಬರಲ್ಲ. ಇಲ್ಲೇ ಚಳ್ಳಕೆರೆ ಹತ್ರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವ್ರ ವಿಮಾನ ಪರೀಕ್ಷಾ ವಲಯ ಇದೆ, ಪೈಲಟ್ ಇಲ್ಲದ ವಿಮಾನ ಹಾರಿಸ್ತಾರೆ, 2019ರಲ್ಲಿ ಒಂದು ಜೋಡಿಚಿಕ್ಕೇನಹಳ್ಳಿ ಹತ್ರ ಬಿತ್ತು, 2023ರಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹೊಲಕ್ಕೆ ಬಿತ್ತು. ವಿಮಾನ ಬಂದು ಬಡಿದ್ರೂ ಪಾಲಿಸಿಲಿ ಬರುತ್ತೆ. ಅಂದ್ರೆ ಅದು ನಮ್ಮ ಹಾಲ್ ಮೇಲೆ ಬಿದ್ದಿದ್ರೆ ಇವತ್ತು ಹೊಸ ಗೋಡೆ!

ಈ ಮನೆ ಕಟ್ಟುವಾಗ ಅಪ್ಪ ದಿನಾ ಆಫೀಸಿಗೆ ಹೋಗೋಕ್ಮುಂಚೆ ಸೈಕಲ್ಲಲ್ಲಿ ಬಂದು ಇದೇ ಗೋಡೆಗೆ ನೀರು ಹೊಡೀತಿದ್ರು. ಕ್ಯೂರಿಂಗ್ ಸರಿ ಆಗ್ಲಿಲ್ಲ ಅಂದ್ರೆ ಗೋಡೆ ನಿಲ್ಲಲ್ಲ ಅಂತ ಮೇಸ್ತ್ರಿ ಹೇಳಿದ್ನಂತೆ. ನೀರಿನ ಬರ ಬೇರೆ, ಡ್ರಮ್ಮಲ್ಲಿ ತುಂಬಿಟ್ಟು ಚೊಂಬಲ್ಲಿ ಎರಚ್ತಿದ್ರು. ಅವರಿದ್ದಿದ್ರೆ ಸರ್ವೇಯರ್ ಎದುರು ಏನಂತಿದ್ರೋ, ಬಹುಶಃ ಏನೂ ಅಂತಿರ್ಲಿಲ್ಲ, ಸುಮ್ನೆ ಟೆರೇಸಿಗೆ ಹೋಗಿ ಬಿರುಕು ಹುಡುಕ್ತಿದ್ರು.

ಅಂದಹಾಗೆ ನಿನ್ನೆ ಟೆರೇಸಿಗೆ ಹೋಗಿದ್ದೆ. ಕೋಟೆ ಕಡೆಯಿಂದ ಬಂದಿರೋ ಕೋತಿಗಳು ಸೋಲಾರ್ ಹೀಟರಿನ ಗಾಜಿನ ಕೊಳವೆ ಒಡೆದು ಹಾಕಿವೆ. ತಕ್ಷಣ ಏಜೆಂಟಿಗೆ ಫೋನ್ ಮಾಡಿ, ವಿಮಾನ ಬಡಿದ್ರೆ ಬರುತ್ತಲ್ಲಪ್ಪಾ, ಕೋತಿ ಹಾರಿ ಬಡಿದ್ರೆ? ಅಂತ ಕೇಳ್ದೆ. ಮೊದಲ್ನೇ ಸಲ "ಬರುತ್ತೆ ಅಣ್ಣಾ" ಅನ್ಲಿಲ್ಲ. ಸುಮಾರು ಹೊತ್ತು ಸುಮ್ನಿದ್ದು, "ಫೋಟೋ ವಾಟ್ಸಾಪ್ ಮಾಡಿ ಅಣ್ಣಾ, ಕೇಳಿ ನೋಡ್ತೀನಿ. ಕೋತಿ ಒಡೀತಿರೋದು ಕ್ಲಿಯರ್ ಆಗಿ ಕಾಣ್ಬೇಕು, ಒಡೆದ್ಮೇಲೆ ಕೂತಿರೋದು ಬೇಡ" ಅಂದ.