ಮುಪ್ಪಿನಲ್ಲಿ ಮತ್ತೆ ಆಕಾಶಕ್ಕೆ: ಯುದ್ಧಕಾಲದ ವಿಮಾನಿಗಳನ್ನು ಹಳೆ ವಿಮಾನದಲ್ಲಿ ಹಾರಿಸಬೇಕೇ?

ಪರ: ಹಾರಿದವರಿಗೆ ಇನ್ನೊಂದು ಸಲ ಹಾರಲು ಬಿಡಿ
(ದಾವಣಗೆರೆಯ ನಿವೃತ್ತ ಶಿಕ್ಷಕಿ)

ಈ ಪ್ರಶ್ನೆಗೆ ನನ್ನ ಉತ್ತರ ಹೌದು. ನಿಧಾನಕ್ಕೆ ಯೋಚಿಸಿ ಹೇಳಿ ಅಂದರೂ ಹೌದೇ.

2015ರಲ್ಲಿ ಜಾಯ್ ಲೋಫ್ಟ್‌ಹೌಸ್ ಅನ್ನುವ ಅಜ್ಜಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಸ್ಪಿಟ್‌ಫೈರ್ ಅನ್ನುವ ಹಳೇ ಯುದ್ಧವಿಮಾನ ಹತ್ತಿದರು. ಆಗ ಅವರಿಗೆ 92 ವರ್ಷ. ಎರಡನೇ ಮಹಾಯುದ್ಧದಲ್ಲಿ ಅವರು ಕಾರ್ಖಾನೆಯಿಂದ ಹೊರಬಂದ ವಿಮಾನಗಳನ್ನು ವಾಯುನೆಲೆಗಳಿಗೆ ಹಾರಿಸಿಕೊಂಡು ಹೋಗಿ ಮುಟ್ಟಿಸುತ್ತಿದ್ದರು. ಅದೇ ಪಡೆಯಲ್ಲಿದ್ದ ಮೇರಿ ಎಲಿಸ್ ಸುಮಾರು ಸಾವಿರ ವಿಮಾನಗಳನ್ನು ಹೀಗೆ ಮುಟ್ಟಿಸಿದವರು. ಅವರು 2017ರಲ್ಲಿ ತಮ್ಮ ನೂರನೇ ಹುಟ್ಟುಹಬ್ಬಕ್ಕೆ ಸ್ಪಿಟ್‌ಫೈರ್‌ನಲ್ಲಿ ಹಾರಿದರು. ಮುಂದಿನ ವರ್ಷ ತೀರಿಕೊಂಡರು. ಆ ವರ್ಷ ಯಾರಾದರೂ ‘ಈ ವಯಸ್ಸಿನಲ್ಲಿ ಬೇಡ ಬಿಡಿ’ ಅಂದಿದ್ದರೆ ಅವರಿಗೆ ಮತ್ತೊಂದು ಅವಕಾಶ ಇರುತ್ತಿರಲಿಲ್ಲ. ಈ ಮಾತು ತುಂಬಾ ಮುಖ್ಯ. ಕಾಯಲು ಅವರ ಹತ್ತಿರ ಸಮಯ ಇಲ್ಲ.

ಮುದುಕರ ಕೈಗೆ ವಿಮಾನ ಕೊಟ್ಟುಬಿಡುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಇದಕ್ಕೆ ಬಳಸುವುದು ಎರಡು ಸೀಟಿನ ವಿಮಾನ. ಎರಡು ಕಡೆಯೂ ವಿಮಾನವನ್ನು ನಡೆಸುವ ಹಿಡಿ, ಅಂದರೆ ಸ್ಟಿಕ್, ಇರುತ್ತದೆ. ನೆಲ ಬಿಡುವುದು, ಇಳಿಸುವುದು ಎಲ್ಲ ಈಗಿನ ಪೈಲಟ್‌ನ ಕೆಲಸ. ಮೇಲೆ ಹೋಗಿ ವಿಮಾನ ಸಮಕ್ಕೆ ಬಂದಮೇಲೆ ಹಿರಿಯರ ಕೈಗೆ ಸ್ವಲ್ಪ ಹೊತ್ತು ಸ್ಟಿಕ್ ಸಿಗುತ್ತದೆ. ನೇರವಾಗಿ ಹಾರುವಾಗ ಮೈಮೇಲೆ ಬೀಳುವ ಭಾರ ನಾವು ಕುರ್ಚಿಯಲ್ಲಿ ಕೂತಾಗ ಇರುವಷ್ಟೇ. ವಿಮಾನವನ್ನು 60 ಡಿಗ್ರಿ ವಾಲಿಸಿ ತಿರುಗಿಸಿದರೆ ಮಾತ್ರ ಅದು ಎರಡರಷ್ಟಾಗುತ್ತದೆ. ಹಾಗೆ ವಾಲಿಸಿ ಅಂತ ಯಾರೂ ಹೇಳುತ್ತಿಲ್ಲ. ಅಮೆರಿಕದಲ್ಲಿ ಡ್ರೀಮ್ ಫ್ಲೈಟ್ಸ್ ಅನ್ನುವ ಸಂಸ್ಥೆ 2011ರಿಂದ ಹಳೇ ಸೈನಿಕರನ್ನು ಸ್ಟಿಯರ್‌ಮನ್ ಅನ್ನುವ, ಒಂದರ ಮೇಲೊಂದು ಎರಡು ಜೋಡಿ ರೆಕ್ಕೆ ಇರುವ ತರಬೇತಿ ವಿಮಾನದಲ್ಲಿ ಪುಕ್ಕಟೆ ಹಾರಿಸುತ್ತಿದೆ. ಎಷ್ಟೋ ಜನ ಪೈಲಟ್‌ಗಳು ಯುದ್ಧಕ್ಕೆ ಹೋಗುವ ಮುಂಚೆ ಹಾರುವುದನ್ನು ಕಲಿತದ್ದೇ ಆ ವಿಮಾನದಲ್ಲಿ.

ವಯಸ್ಸಿನ ಮಾತು ತೆಗೆಯುವವರಿಗೆ ಒಂದೆರಡು ಹೆಸರು ನೆನಪಿಸುತ್ತೇನೆ. ಜಾನ್ ಗ್ಲೆನ್ ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದವರು. 1998ರಲ್ಲಿ, 77ನೇ ವಯಸ್ಸಿನಲ್ಲಿ, ಡಿಸ್ಕವರಿ ನೌಕೆ ಹತ್ತಿ ಬಾಹ್ಯಾಕಾಶಕ್ಕೇ ಹೋಗಿಬಂದರು. ನಮ್ಮ ರಾಷ್ಟ್ರಪತಿ ಪ್ರತಿಭಾ ಪಾಟೀಲ್ 2009ರಲ್ಲಿ ಪುಣೆಯಲ್ಲಿ ಸುಖೋಯ್ ಯುದ್ಧವಿಮಾನ ಹತ್ತಿದಾಗ ಅವರಿಗೆ 74. ಅವತ್ತು ನಾವೆಲ್ಲ ಟಿವಿ ಮುಂದೆ ಕೂತು ಚಪ್ಪಾಳೆ ಹೊಡೆದೆವು. 71ರ ಯುದ್ಧದಲ್ಲಿ ಹಾರಿದವರು ಕೇಳಿದರೆ ಮಾತ್ರ ಬಿಪಿ, ಶುಗರ್ ಅಂತ ಶುರು ಮಾಡುತ್ತೇವೆ.

ನಮ್ಮಲ್ಲಿ ಇನ್ನೂ ತಡ ಮಾಡುವ ಹಾಗಿಲ್ಲ. 1944ರಲ್ಲಿ ಇಂಫಾಲದಲ್ಲಿ ಸ್ಕ್ವಾಡ್ರನ್ ಮುನ್ನಡೆಸಿದ ಅರ್ಜನ್ ಸಿಂಗ್ 2017ರಲ್ಲಿ ಹೋದರು. ಬರ್ಮಾದಲ್ಲಿ ಹರಿಕೇನ್ ಹಾರಿಸಿದ ದಲೀಪ್ ಸಿಂಗ್ ಮಜೀಠಿಯಾ 2024ರಲ್ಲಿ, 103ನೇ ವಯಸ್ಸಿನಲ್ಲಿ ಹೋದರು. ಆ ತಲೆಮಾರು ಮುಗಿಯುತ್ತಾ ಬಂತು. ಉಳಿದವರು 65ರ ಮತ್ತು 71ರ ಯುದ್ಧದವರು. ಅವರಲ್ಲಿ ತೀರಾ ಚಿಕ್ಕವರಿಗೂ ಈಗ ಎಪ್ಪತ್ತು ದಾಟಿದೆ. ವಾಯುಪಡೆ ಒಂದು ಟೈಗರ್ ಮಾತ್ ವಿಮಾನವನ್ನು ರಿಪೇರಿ ಮಾಡಿಸಿ ಹಾರುವ ಹಾಗೆ ಮಾಡಿದೆ. 2018ರಲ್ಲಿ ಪರಶುರಾಮ ಅನ್ನುವ ಹಳೇ ಡಕೋಟಾ ಸಾಗಣೆ ವಿಮಾನ ಇಂಗ್ಲೆಂಡಿನಿಂದ ಹಾರಿಕೊಂಡೇ ನಮ್ಮ ದೇಶಕ್ಕೆ ಬಂತು. ಡಕೋಟಾಗಳೇ ಅಲ್ವಾ 1947ರ ಅಕ್ಟೋಬರ್‌ನಲ್ಲಿ ನಮ್ಮ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ್ದು? 71ರ ಡಿಸೆಂಬರ್‌ನಲ್ಲಿ ಈಗಿನ ಬಾಂಗ್ಲಾದೇಶದ ತಂಗೈಲ್ ಮೇಲೆ ಪ್ಯಾರಾಚೂಟ್ ಪಡೆಯನ್ನು ಬಿಟ್ಟಾಗಲೂ ಅವು ಇದ್ದವು. ವಿಮಾನ ಇದೆ. ಹಾರಿಸಿದವರು ಇದ್ದಾರೆ. ಇಬ್ಬರನ್ನೂ ಒಂದು ಕಡೆ ಸೇರಿಸಬೇಕು, ಅಷ್ಟೆ.

ನಾನು ಇಷ್ಟು ಹಟ ಹಿಡಿಯಲು ನಮ್ಮ ದೊಡ್ಡಪ್ಪ ಕಾರಣ.

ದೊಡ್ಡಪ್ಪ ಪೈಲಟ್ ಅಲ್ಲ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದರು. ಕೆಲಸ ಮಾಡಿದ್ದು ನ್ಯಾಟ್ ವಿಮಾನಗಳ ಮೇಲೆ. ನ್ಯಾಟ್ ಪುಟ್ಟ ವಿಮಾನ. 65ರಲ್ಲಿ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳನ್ನು ಹೊಡೆದು ಹೆಸರು ಮಾಡಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಗುತ್ತಿತ್ತು. ಅದರ ಹೈಡ್ರಾಲಿಕ್ಸ್, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ ವ್ಯವಸ್ಥೆ, ಮಾತ್ರ ಯಾವಾಗಲೂ ತಕರಾರು. ಅದನ್ನು ಸರಿ ಮಾಡುತ್ತಲೇ ಅವರ ಹರೆಯ ಕಳೆಯಿತು. ನಿವೃತ್ತಿ ಆದಮೇಲೆ ದಾವಣಗೆರೆಗೆ ಬಂದು ಒಂದು ಹತ್ತಿ ಗಿರಣಿಯ ವರ್ಕ್‌ಶಾಪಿನಲ್ಲಿ ದುಡಿದರು. ಕೊನೆಕೊನೆಗೆ ಮರೆವು ಬಂತು. ಮೊಮ್ಮಕ್ಕಳ ಹೆಸರು ಹೋಯಿತು. ಊಟ ಆಯಿತೋ ಇಲ್ಲವೋ ಅನ್ನುವುದೂ ಹೋಯಿತು. ನನ್ನನ್ನು ನಮ್ಮಮ್ಮ ಅಂತ ತಿಳಿದು ಮಾತಾಡುತ್ತಿದ್ದರು.

ಒಂದು ಸಲ ಅವರನ್ನು ಒಂದು ದೊಡ್ಡ ಊರಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಹಗ್ಗದ ಆಚೆ ಒಂದು ನ್ಯಾಟ್ ನಿಂತಿತ್ತು. ದೊಡ್ಡಪ್ಪ ಯಾರನ್ನೂ ಕೇಳಲಿಲ್ಲ. ಬಗ್ಗಿ, ಹಗ್ಗ ದಾಟಿ, ನೆಟ್ಟಗೆ ಅದರ ಹೊಟ್ಟೆಯ ಕೆಳಗೆ ಹೋಗಿ ಒಂದು ಮುಚ್ಚಳದ ಮೇಲೆ ಕೈ ಇಟ್ಟರು. ‘ಇಲ್ಲಿ ನೋಡ್ರಿ, ಇದನ್ನ ಬಿಚ್ಚಬೇಕು, ಒಳಗ ಎಣ್ಣೆ ಸೋರಿರ್ತದೆ’ ಅಂದರು. ಎಷ್ಟೋ ದಿನದ ಮೇಲೆ ಅವರ ಬಾಯಲ್ಲಿ ಒಂದು ಪೂರ್ತಿ ಮಾತು ಬಂದಿತ್ತು. ಕಾವಲಿನವನು ಸೀಟಿ ಊದಿದ. ‘ಯಜಮಾನ್ರೇ, ಹೊರಗೆ ಬನ್ನಿ, ಮುಟ್ಟಂಗಿಲ್ಲ’ ಅಂದ. ನಾವು ವಿಷಯ ಹೇಳಿದೆವು. ಅವರು ಇದರ ಮೇಲೇ ಕೆಲಸ ಮಾಡಿದವರು, ಐದು ನಿಮಿಷ ಬಿಡಿ ಅಂತ ಬೇಡಿಕೊಂಡೆವು. ಒಳಗಿನ ಅಧಿಕಾರಿಯೂ ಬಂದು ಅದೇ ಹೇಳಿದರು. ರೂಲ್ಸ್ ಅಂತೆ. ತೋಳು ಹಿಡಿದು ಈಚೆ ಕರೆತಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಆ ವರ್ಷವೇ ಹೋದರು.

ಅವರನ್ನು ಹಾರಿಸಿ ಅಂತ ನಾವು ಕೇಳಿರಲಿಲ್ಲ. ಮುಟ್ಟಲು ಬಿಡಿ ಅಂತ ಕೇಳಿದ್ದೆವು. ಮುಟ್ಟಿದ್ದಕ್ಕೇ ಒಬ್ಬ ಮೆಕ್ಯಾನಿಕ್‌ಗೆ ಅಷ್ಟು ನೆನಪು ಮರಳಿ ಬಂತು. ಆ ವಿಮಾನದೊಳಗೆ ಕೂತು ಜೀವ ಪಣಕ್ಕಿಟ್ಟವರಿಗೆ, ಮತ್ತೆ ಕೈಯಲ್ಲಿ ಸ್ಟಿಕ್ ಸಿಕ್ಕರೆ ಏನಾಗಬಹುದು?

ಅಪಾಯ ಅಪಾಯ ಅಂತ ಹೇಳುವವರು ಇದ್ದೇ ಇರುತ್ತಾರೆ. ಸಂಜೆ ಹೊತ್ತು ನಮ್ಮ ಪಿ.ಬಿ. ರಸ್ತೆ ದಾಟುವ ಮುದುಕರಿಗೆ ಇರುವ ಅಪಾಯ ಇದಕ್ಕಿಂತ ಜಾಸ್ತಿ. ಯುದ್ಧದ ದಿನಗಳಲ್ಲಿ ಇಪ್ಪತ್ತೆರಡು ವರ್ಷದ ಹುಡುಗರನ್ನು ಅದೇ ವಿಮಾನಕ್ಕೆ ಹತ್ತಿಸಿ ಗುಂಡಿನ ಮಳೆಗೆ ಕಳಿಸುವಾಗ ಅಪಾಯದ ಮಾತು ಯಾರೂ ಆಡಲಿಲ್ಲ.

ಏರೋ ಇಂಡಿಯಾ ವಿಮಾನ ಪ್ರದರ್ಶನ ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುತ್ತದೆ. ಅದರಲ್ಲಿ ಒಂದು ಬೆಳಿಗ್ಗೆ ಇವರಿಗೆ ಮೀಸಲಿಡಲಿ. ಡಾಕ್ಟರ್ ಪರೀಕ್ಷೆ ಆಗಲಿ, ಮನೆಯವರು ಸಹಿ ಹಾಕಲಿ. ಆಮೇಲೆ ಹತ್ತಿಸಿ.

ವಿರೋಧ: ಕೆಳಗೆ ಊರಿದೆ
(ಚಿತ್ರದುರ್ಗದ ಕಾಲೇಜು ಉಪನ್ಯಾಸಕ)

ನನ್ನ ಪಾಲಿಗೆ ಬಂದದ್ದು ವಿರೋಧ. ಪೂರ್ತಿ ವಿರೋಧ ನನ್ನಲ್ಲಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಯುದ್ಧ ಕಂಡ ಹಿರಿಯರ ಮೇಲೆ ನನಗೂ ಅಷ್ಟೇ ಗೌರವ ಇದೆ. ಆದರೆ ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಎಲ್ಲರೂ ಮನುಷ್ಯರ ವಯಸ್ಸು ಲೆಕ್ಕ ಹಾಕುತ್ತಿದ್ದಾರೆ. ನಾನು ವಿಮಾನದ ವಯಸ್ಸು ಕೇಳುತ್ತೇನೆ.

2018ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನರನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಯುಂಕರ್ಸ್ ವಿಮಾನ ಬೆಟ್ಟಗಳ ನಡುವೆ ಬಿತ್ತು. 1939ರಲ್ಲಿ ತಯಾರಾದ ವಿಮಾನ ಅದು. 20 ಜನ ಇದ್ದರು, 20 ಜನವೂ ಹೋದರು. ಪೈಲಟ್‌ಗಳು ಕಣಿವೆಯಲ್ಲಿ ತೀರಾ ತಗ್ಗಿನಲ್ಲಿ ಹಾರಿಸಿದ್ದೇ ಕಾರಣ ಅಂತ ತನಿಖೆ ಹೇಳಿತು. ಜೊತೆಗೆ ಕೆಲವು ಭಾಗಗಳು ಸವೆದು ತುಕ್ಕು ಹಿಡಿದಿದ್ದವು ಅನ್ನುವುದೂ ಹೊರಗೆ ಬಂತು. ಮುಂದಿನ ವರ್ಷ ಅಮೆರಿಕದಲ್ಲಿ ಯುದ್ಧಕಾಲದ ಬಿ-17 ಬಾಂಬರ್ ಬಿದ್ದು ಅದರಲ್ಲಿದ್ದ 13 ಜನರಲ್ಲಿ 7 ಜನ ಸತ್ತರು. 2022ರಲ್ಲಿ ಡಲ್ಲಾಸ್‌ನಲ್ಲಿ ಎರಡು ಹಳೇ ವಿಮಾನಗಳು ಜನರ ಕಣ್ಣೆದುರೇ ಡಿಕ್ಕಿ ಹೊಡೆದು 6 ಜನ ಹೋದರು. 2024ರ ಮೇ ತಿಂಗಳಲ್ಲಿ ಬ್ರಿಟಿಷ್ ವಾಯುಪಡೆಯೇ ಕಾಪಾಡಿಕೊಂಡು ಬಂದ ಸ್ಪಿಟ್‌ಫೈರ್ ಬಿದ್ದು ಪೈಲಟ್ ತೀರಿಕೊಂಡರು. ಅಷ್ಟು ಚೆನ್ನಾಗಿ ನೋಡಿಕೊಂಡ ವಿಮಾನದ ಕಥೆಯೇ ಹೀಗೆ.

ನನ್ನ ನಿದ್ದೆ ಕೆಡಿಸುವುದು ಮಾತ್ರ ಶೋರ್‌ಹ್ಯಾಮ್. 2015ರ ಆಗಸ್ಟ್ 22. ಇಂಗ್ಲೆಂಡಿನ ಆ ಊರಿನ ವಿಮಾನ ಪ್ರದರ್ಶನದಲ್ಲಿ ಒಂದು ಹಳೇ ಹಂಟರ್ ಯುದ್ಧವಿಮಾನ ಆಕಾಶದಲ್ಲಿ ಲಾಗ ಹೊಡೆಯಲು ಹೋಗಿ ಹೆದ್ದಾರಿ ಮೇಲೆ ಬಿತ್ತು. ನಮ್ಮವರು 71ರಲ್ಲಿ ಲೊಂಗೇವಾಲಾದಲ್ಲಿ ಶತ್ರು ಟ್ಯಾಂಕ್‌ಗಳನ್ನು ಹೊಡೆದದ್ದು ಇದೇ ಮಾದರಿಯ ವಿಮಾನದಿಂದ. ಶೋರ್‌ಹ್ಯಾಮ್‌ನಲ್ಲಿ ಸತ್ತವರು 11 ಜನ. ಪೈಲಟ್ ಬದುಕಿ ಉಳಿದರು. ಸತ್ತ ಅಷ್ಟೂ ಜನ ಕೆಳಗಿದ್ದವರು. ಅವರಲ್ಲಿ ಯಾರೂ ಆ ವಿಮಾನ ಹತ್ತುತ್ತೇನೆ ಅಂತ ಕೇಳಿರಲಿಲ್ಲ. ಯಾರೂ ಸಹಿ ಹಾಕಿರಲಿಲ್ಲ.

ಇದು ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯ ಇದೆ. ಅಲ್ಲಿಂದ ಪೈಲಟ್ ಇಲ್ಲದ ವಿಮಾನಗಳು ಹಾರುತ್ತವೆ. 2019ರಲ್ಲಿ ಅಂಥ ಒಂದು ವಿಮಾನ ಜೋಡಿ ಚಿಕ್ಕೇನಹಳ್ಳಿ ಹತ್ತಿರ ಬಿತ್ತು. 2023ರಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿತ್ತು. ಪುಣ್ಯಕ್ಕೆ ಎರಡು ಸಲವೂ ಜೀವಹಾನಿ ಆಗಲಿಲ್ಲ. ಸುದ್ದಿ ಕೇಳಿ ನಮ್ಮ ಹುಡುಗರು ಬೈಕ್ ಹತ್ತಿ ನೋಡಲು ಹೋದರು. ನನಗೆ ಮಾತ್ರ ಅವತ್ತು ಆ ಹೊಲದಲ್ಲಿ ಕಳೆ ಕೀಳುವವರು ಇದ್ದಿದ್ದರೆ ಅನ್ನುವುದೇ ತಲೆಯಲ್ಲಿತ್ತು. ಹೊಸ ತಂತ್ರಜ್ಞಾನ ಕಲಿಯಲು ಇಂಥ ಅಪಾಯ ತೆಗೆದುಕೊಳ್ಳಲೇಬೇಕಾಗುತ್ತದೆ, ಒಪ್ಪುತ್ತೇನೆ. ನೆನಪಿಗೋಸ್ಕರ ತೆಗೆದುಕೊಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಪರವಾಗಿ ಮಾತಾಡುವವರನ್ನು ಕೇಳಿದರೆ, ಹಳೇ ವಿಮಾನ ಹತ್ತಿದ ಕೂಡಲೇ ಪ್ರತಿಯೊಬ್ಬ ಅಜ್ಜನೂ ಇಪ್ಪತ್ತರ ಹುಡುಗ ಆಗಿಬಿಡುತ್ತಾನೆ ಅನ್ನಿಸುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ. ಯುದ್ಧದಲ್ಲಿ ಪಕ್ಕದಲ್ಲೇ ಹಾರುತ್ತಿದ್ದ ಗೆಳೆಯ ಉರಿದು ಬಿದ್ದದ್ದನ್ನು ಕಂಡವರೂ ಅವರಲ್ಲಿದ್ದಾರೆ. ಅವರ ಮನಸ್ಸಿನ ಮಾತು ಕ್ಯಾಮೆರಾ ಮುಂದೆ ಯಾರೂ ಕೇಳುವುದಿಲ್ಲ.

ಇದಕ್ಕಿಂತ ಅವಸರದ ಕೆಲಸ ಬೇರೆ ಇದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ ಮರಳಲಿಲ್ಲ. ತಮ್ಮ ಮಿಸ್ಟೀರ್ ವಿಮಾನದಿಂದ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಒಂದನ್ನು ಅವರು ಹೊಡೆದುರುಳಿಸಿದ್ದು ಇಲ್ಲಿ ಬಹಳ ವರ್ಷ ಗೊತ್ತೇ ಇರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ ಆ ಮನೆಯವರು ಕಾದರು. ಇಂಥ ಎಷ್ಟು ಕಥೆಗಳು ಇನ್ನೂ ಹೊರಗೆ ಬಾರದೆ ಉಳಿದಿವೆಯೋ! ಹಾರಿಸಲು ಸುರಿಯುವ ದುಡ್ಡಿನ ಒಂದು ಪಾಲು ಸಾಕು, ಪ್ರತಿ ಜಿಲ್ಲೆಯ ಕಾಲೇಜು ಹುಡುಗರು ನಿವೃತ್ತ ವಾಯುಪಡೆಯವರ ಮನೆಗೆ ಹೋಗಿ, ಎದುರಿಗೆ ಕೂತು, ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಬಹುದು. ಪೈಲಟ್‌ಗಳು ಮಾತ್ರವಲ್ಲ, ಮೆಕ್ಯಾನಿಕ್‌ಗಳದ್ದೂ ಆಗಬೇಕು.

ಹಾಗಂತ ಅವರನ್ನು ಹಗ್ಗದ ಆಚೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಹಗ್ಗ ಬಿಚ್ಚಿ. ಕಾಕ್‌ಪಿಟ್‌ನಲ್ಲಿ ಕೂರಿಸಿ, ಇಂಜಿನ್ ಸ್ಟಾರ್ಟ್ ಮಾಡಿ, ಇಂಜಿನ್ನಿನ ವೇಗ ಏರಿಸಿ ಇಳಿಸುವ ಥ್ರಾಟಲ್ ಅವರ ಕೈಗೇ ಕೊಡಿ. ರನ್‌ವೇ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ಓಡಿಸಿ. ಚಕ್ರ ನೆಲ ಬಿಡುವುದು ಮಾತ್ರ ಬೇಡ.